ಲಾರಿ ಡ್ರೈವರ್‌ನ ಪಿಟಿಎಸ್‌ಡಿಗೆ ಎಷ್ಟು ಪರ್ಸೆಂಟ್? ನನ್ನ ಅನುಭವ

ಮೂಳೆ ಮುರಿದವರಿಗೆ ಅಂಗವೈಕಲ್ಯದ ಪರ್ಸೆಂಟ್ ಬರೆಯಲು ಎಕ್ಸ್‌ರೇ ಇರುತ್ತದೆ. ಅಪಘಾತದಂಥ ಆಘಾತ ಕಂಡು ಮನಸ್ಸು ಕುಸಿದವರಿಗೆ, ಅಂದರೆ ಪಿಟಿಎಸ್‌ಡಿ ಆದವರಿಗೆ, ಏನು ನೋಡಿ ಬರೆಯಬೇಕು? ಮನೋವೈದ್ಯನಾಗಿ ಪರಿಹಾರದ ಕೇಸುಗಳಲ್ಲಿ ವರದಿ ಕೊಡುವಾಗ ನನಗೆ ಎದುರಾಗುವ ಪ್ರಶ್ನೆ ಇದು. ಒಂದು ಕೇಸು ಹಿಡಿದು ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಅವರು ಲಾರಿ ಡ್ರೈವರ್. ರಾತ್ರಿ ಹೆದ್ದಾರಿಯಲ್ಲಿ ಕೆಟ್ಟು ನಿಂತಿದ್ದ ಟ್ರಕ್ಕಿಗೆ ಇವರ ಗಾಡಿ ಗುದ್ದಿತು. ಪಕ್ಕದಲ್ಲಿದ್ದ ಕ್ಲೀನರ್ ಹುಡುಗ ಕ್ಯಾಬಿನ್ನಿನಲ್ಲೇ ಸಿಕ್ಕಿಕೊಂಡು ಸತ್ತ. ಇವರ ಕೈಗಾಯ ವಾಸಿಯಾಯಿತು. ಆದರೆ ಮತ್ತೆ ಸ್ಟೇರಿಂಗ್ ಹಿಡಿಯಲು ಆಗಲಿಲ್ಲ.

ಕೇಸು ನಡೆದದ್ದು 1923ರ ನೌಕರರ ಪರಿಹಾರ ಕಾಯ್ದೆಯಡಿ; 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು. ಆ ಕಾಯ್ದೆಯ ಮೊದಲ ಶೆಡ್ಯೂಲಿನಲ್ಲಿ ಕೈ, ಕಾಲು, ಕಣ್ಣು, ಬೆರಳಿಗೆಲ್ಲ ಪರ್ಸೆಂಟ್ ನಿಗದಿಯಾಗಿತ್ತು. ಮನಸ್ಸಿನ ಗಾಯ ಅದರಲ್ಲಿರಲಿಲ್ಲ. ಪಟ್ಟಿಯಲ್ಲಿಲ್ಲದ ಗಾಯದಿಂದ ದುಡಿಮೆ ಶಾಶ್ವತವಾಗಿ ಎಷ್ಟು ಕಮ್ಮಿಯಾಗಿದೆ ಅಂತ ವೈದ್ಯರೇ ಅಳೆದು ಹೇಳಬೇಕಿತ್ತು. ಹಾಗಾಗಿ ಪಿಟಿಎಸ್‌ಡಿ ಇದೆಯೋ ಇಲ್ಲವೋ ಅನ್ನುವಲ್ಲಿಗೆ ನನ್ನ ಕೆಲಸ ಮುಗಿಯುವುದಿಲ್ಲ. ಯಾವ ಕೆಲಸ ಕೈತಪ್ಪಿತು, ಯಾಕೆ ತಪ್ಪಿತು ಅನ್ನುವುದು ವರದಿಯಲ್ಲಿ ಕಾಣಬೇಕು.

ಡ್ರೈವರನ್ನು ಕೂರಿಸಿಕೊಂಡ ಕೂಡಲೇ ಹೇಳಿದೆ: "ನಾನು ನಿಮಗೆ ಚಿಕಿತ್ಸೆ ಕೊಡೋ ಡಾಕ್ಟರ್ ಅಲ್ಲ. ನೀವು ಹೇಳಿದ್ದು ವರದಿಗೆ ಹೋಗುತ್ತೆ. ಹೇಳೋಕೆ ಇಷ್ಟ ಇಲ್ಲದ್ದನ್ನ ಬಿಡಬಹುದು." ಚಿಕಿತ್ಸೆ ಕೊಡುವ ವೈದ್ಯರು ರೋಗಿಯ ಪರ ಇರಬೇಕು, ಇರಲಿ. ವರದಿ ಬರೆಯುವವರು ಬೇರೆಯವರಾಗಿದ್ದರೆ ಇಬ್ಬರಿಗೂ ಒಳ್ಳೆಯದು.

ಪಿಟಿಎಸ್‌ಡಿಯ ಲಕ್ಷಣ ಅಳೆಯಲು ಪಿಸಿಎಲ್-5 ಅನ್ನುವ ಪ್ರಶ್ನಾವಳಿ ಇದೆ. 20 ಪ್ರಶ್ನೆ, 80 ಅಂಕ. ಯಾವ ಉತ್ತರಕ್ಕೆ ಜಾಸ್ತಿ ಅಂಕ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಪರಿಹಾರದ ಕೇಸಿನಲ್ಲಿ ಅದೊಂದನ್ನೇ ನಂಬಿ ಬರೆಯಬಾರದು. ನಾನು ಲಕ್ಷಣಗಳ ಹೆಸರು ಎತ್ತುವುದೇ ಇಲ್ಲ. "ನಿನ್ನೆ ಬೆಳಗ್ಗೆ ಎದ್ದಾಗಿನಿಂದ ಏನೇನು ಮಾಡಿದ್ರಿ?" ಅಂತ ಶುರು ಮಾಡುತ್ತೇನೆ.

ಅವರು ಲೋಡು, ಬಾಡಿಗೆ, ಘಾಟಿ ರಸ್ತೆ ಅಂತ ಸಲೀಸಾಗಿ ಮಾತಾಡಿದರು. ಆ ರಾತ್ರಿಯ ಮಾತು ಬಂದಾಗ ದನಿ ನಿಂತಿತು. ಕಣ್ಣು ನೆಲ ನೋಡಿತು. ಅಂಗೈಯಿಂದ ಮಂಡಿ ಉಜ್ಜತೊಡಗಿದರು. "ಆಮೇಲಿಂದು ಬೇಡ ಸರ್, ಬಿಡಿ." ಯಾರಾದರೂ ಹೇಳಿಕೊಟ್ಟು ಕಳಿಸಿದವರು ಈ ಭಾಗವನ್ನೇ ಮೊದಲು ಒಪ್ಪಿಸುತ್ತಾರೆ, ದಿನಾ ಅದೇ ಕನಸು ಒಂದಕ್ಷರ ತಪ್ಪದೆ ಬೀಳುತ್ತೆ ಅನ್ನುತ್ತಾರೆ. ಹಾಗಂತ ಬರೀ ಇದರ ಮೇಲೆ ನಿಜ ಸುಳ್ಳು ತೀರ್ಮಾನಿಸಲು ಆಗುವುದಿಲ್ಲ. ಹೆಂಡತಿಯನ್ನು ಬೇರೆಯಾಗಿ ಕೇಳಿದೆ. ಬಸ್ಸಿನಲ್ಲಿ ಮುಂದಿನ ಸೀಟಿಗೆ ಕೂರಲ್ಲ, ಡೀಸೆಲ್ ವಾಸನೆಗೆ ಬೆವರುತ್ತಾರೆ, ನಿದ್ದೆಯಲ್ಲಿ "ಇಳಿಯೋ, ಬೇಗ ಇಳಿಯೋ" ಅಂತ ಕೂಗಿ ಎದ್ದು ಕೂರುತ್ತಾರೆ ಅಂದರು. ಮೈಮೇಲೆ ಏನೋ ಬಂದಿದೆ ಅಂತ ಅತ್ತೆ ಅಂತ್ರ ಕಟ್ಟಿಸಿದ್ದರು.

ಇವರಿಗೆ ರಾತ್ರಿ ಒಂದು ಕ್ವಾರ್ಟರ್ ಇಲ್ಲದೆ ನಿದ್ದೆ ಬರುತ್ತಿರಲಿಲ್ಲ. ಇನ್ಶೂರೆನ್ಸ್ ವಕೀಲರು ಹಿಡಿಯುವುದು ಇದನ್ನೇ ಅಂತ ಗೊತ್ತಿತ್ತು. ಕುಡಿತ ಮೊದಲೋ, ಅಪಘಾತ ಮೊದಲೋ? ಲಾರಿ ಮಾಲೀಕರ ಮಾತು, ಅಪಘಾತದ ರಾತ್ರಿಯ ಆಸ್ಪತ್ರೆ ದಾಖಲೆ, ಹಳೆಯ ಮಾತ್ರೆ ಚೀಟಿ ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿದೆ. ಕುಡಿತ ಶುರುವಾದದ್ದು ಆಮೇಲೆಯೇ.

ಇನ್ನು ಪರ್ಸೆಂಟ್. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ನಾವು ಬಳಸುವುದು ಐಡಿಯಾಸ್ ಮಾಪನ: ಸ್ವಂತ ಆರೈಕೆ, ಜನರ ಜೊತೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಒಂದೊಂದಕ್ಕೂ 0ಯಿಂದ 4 ಅಂಕ, ಜೊತೆಗೆ ಕಾಯಿಲೆಯ ಅವಧಿಗೆ ಅಂಕ. ಇವರು ಸ್ನಾನ ಮಾಡುತ್ತಾರೆ, ಅಂಗಡಿಗೆ ಹೋಗುತ್ತಾರೆ, ಚೆನ್ನಾಗಿ ಮಾತಾಡುತ್ತಾರೆ. ಕೆಲಸದ್ದು ಬಿಟ್ಟರೆ ಅಂಕ ಕಮ್ಮಿ. ಒಟ್ಟು, ಸವಲತ್ತುಗಳಿಗೆ ಬೇಕಾದ 40 ಪರ್ಸೆಂಟ್ ಮುಟ್ಟಲಿಲ್ಲ. ಆದರೆ ಅದೇ ಅಂಕಿಯನ್ನು ಪರಿಹಾರದ ಕೇಸಿಗೆ ಎತ್ತಿ ಬರೆದರೆ ಅನ್ಯಾಯ. 1975ರ ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದಲ್ಲಿ ಎಡಗೈ ಕಳೆದುಕೊಂಡ ಬಡಗಿಗೆ ಪೂರ್ತಿ ದುಡಿಮೆಯೇ ಹೋಗಿದೆ ಅಂತ ಸುಪ್ರೀಂ ಕೋರ್ಟ್ ಒಪ್ಪಿತ್ತು. ಒಂದೇ ಕೈಯಲ್ಲಿ ಬಡಗಿ ಕೆಲಸ ಆಗಲ್ಲ ಅಲ್ವಾ? ಸ್ಟೇರಿಂಗ್ ಮುಟ್ಟಿದರೆ ನಡುಗುವವರ ಕಥೆಯೂ ಅಷ್ಟೇ.

"ಶಾಶ್ವತ" ಅನ್ನುವ ಪದವನ್ನು ಮಾತ್ರ ನಾನು ಸುಲಭಕ್ಕೆ ಬರೆಯುವುದಿಲ್ಲ. ಈ ಕಾಯಿಲೆಯಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕ ಬಹಳ ಜನ ಸುಧಾರಿಸುತ್ತಾರೆ. ಚಿಕಿತ್ಸೆಯೇ ಆಗದವರಿಗೆ ತಾತ್ಕಾಲಿಕ ಅಂತ ಬರೆಯುತ್ತೇನೆ. ತಾತ್ಕಾಲಿಕಕ್ಕೂ ಆ ಕಾಯ್ದೆಯಲ್ಲಿ 15 ದಿನಕ್ಕೊಮ್ಮೆ ತಿಂಗಳ ಸಂಬಳದ 25 ಪರ್ಸೆಂಟ್, 5 ವರ್ಷದವರೆಗೆ ಇತ್ತು. ಇವರು ಮಾತ್ರೆ, ಥೆರಪಿ ಎರಡನ್ನೂ ಮುಗಿಸಿದ್ದರು. ನಿದ್ದೆ ಸುಧಾರಿಸಿತ್ತು. ಡ್ರೈವಿಂಗ್ ಮರಳಿರಲಿಲ್ಲ.

ಪಾಟೀ ಸವಾಲಿನಲ್ಲಿ ವಕೀಲರು ನೇರವಾಗಿ ಕೇಳಿದರು: "ಅರ್ಜಿದಾರರು ಹೇಳಿದ್ದನ್ನೇ ನಂಬಿ ಬರೆದಿದ್ದೀರಿ?" ಹಾಗೆಂದರೆ ಸರಿಯಲ್ಲ ಅಂದೆ. ಯಾರನ್ನು ಕೇಳಿದೆ, ಯಾವ ದಾಖಲೆ ನೋಡಿದೆ ಎಲ್ಲ ಓದಿ ಹೇಳಿದೆ. "ಬೇರೆ ಕೆಲಸ ಮಾಡಬಹುದಲ್ವಾ?" ಮಾಡಬಹುದು ಸರ್, ಹಗಲಲ್ಲಿ ಗೋಡೌನಿನ ಲೆಕ್ಕ ಬರೆಯಬಹುದು, ವರದಿಯಲ್ಲಿ ಅದನ್ನೂ ಬರೆದಿದ್ದೇನೆ ಅಂದೆ. ಲಾರಿ ಓಡಿಸಲು ಇವರನ್ನು ಕೂರಿಸಿದರೆ ಇವರಿಗೂ ಅಪಾಯ, ರಸ್ತೆಯಲ್ಲಿರುವವರಿಗೂ ಅಪಾಯ ಅಂತಲೂ ಹೇಳಿದೆ. ವಕೀಲರು ಮುಂದಿನ ಪ್ರಶ್ನೆ ಕೇಳಲಿಲ್ಲ.