ತೋಟದ ಮನೆಯ ಸಾಮಾನೆಲ್ಲ ಮಾರಿದ ಬಗೆ

ಮನೆ ಸಾಮಾನು ಪೂರ್ತಿ ಮಾರಬೇಕು ಅಂದ ಕೂಡಲೇ ಎಲ್ಲರೂ ಮೊದಲು ಕರೆಯುವುದು ಲಾಟ್ ವ್ಯಾಪಾರಿಯನ್ನು, ಅಂದರೆ ಇಡೀ ಮನೆಯ ಸಾಮಾನನ್ನು ಒಂದೇ ಬೆಲೆಗೆ ಕೊಳ್ಳುವವನನ್ನು. ನನ್ನ ಪ್ರಕಾರ ಅವನು ಕೊನೆಗೆ ಬರಬೇಕಾದವನು. ಒಂದು ಸುತ್ತು ಹಾಕಿ ಅವನು ಹೇಳುವ ಒಟ್ಟು ಬೆಲೆ ಬೀಟೆ (ರೋಸ್‌ವುಡ್) ಮಂಚ, ತಾಮ್ರದ ಹಂಡೆ, ಉದ್ದ ಕೈಯ ಪ್ಲಾಂಟರ್ ಕುರ್ಚಿ ಇಂಥ ನಾಲ್ಕೈದು ವಸ್ತುಗಳದ್ದು, ಅದೂ ಕಡಿಮೆಯೇ. ಉಳಿದದ್ದೆಲ್ಲ ಅವನಿಗೆ ಪುಕ್ಕಟೆ. ಹಾಗಂತ ಒಳ್ಳೆಯದನ್ನೆಲ್ಲ ಬಿಡಿಯಾಗಿ ಮಾರಿ ಮುಗಿಸಿದರೆ, ಮುರುಕು ಬೆಂಚು, ಉಬ್ಬಿದ ಪ್ಲೈವುಡ್ ಕಪಾಟು ಹೊರಹಾಕಲು ನಾವೇ ಕೂಲಿ ಕೊಡಬೇಕು. ಆದ್ದರಿಂದ ಮಧ್ಯಮ ಬೆಲೆಯ ಒಂದೆರಡು ವಸ್ತುಗಳನ್ನು, ಅಂದರೆ ಹಲಸಿನ ಮರದ ಊಟದ ಮೇಜು, ಬೀಗದ ಕೈ ಸರಿಯಿರುವ ಸ್ಟೀಲ್ ಬೀರು ಇಂಥವನ್ನು, ಬೇಕೆಂದೇ ಲಾಟ್‌ಗೆ ಉಳಿಸಿಕೊಂಡೆ. ಅವುಗಳ ಆಸೆಗೆ ಅವನು ಮನೆ ಗುಡಿಸಿಕೊಂಡು ಹೋಗುತ್ತಾನೆ. ಷರತ್ತು ಎರಡು: ಮೊದಲ ಲೋಡು ಹೊರಡುವ ಮೊದಲು ಪೂರ್ತಿ ಹಣ, ಮೇಜು ಮತ್ತು ಬೀರು ಕೊನೆಯ ಲೋಡಿಗೆ. ಅವು ಮೊದಲೇ ಹೋದರೆ ಕಸ ನಮ್ಮ ಅಂಗಳದಲ್ಲೇ ಉಳಿಯುತ್ತದೆ.

ಕೊಡಗಿನಲ್ಲಿ ಮಾರಾಟಕ್ಕೆ ಕಾಲ ನೋಡಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ತೇವ ಹೀರಿ ಡ್ರಾಯರ್ ಬಿಗಿಯುತ್ತದೆ, ಬೀರುವಿನೊಳಗೆ ಬೂಷ್ಟು ವಾಸನೆ, ತೋಟದ ದಾರಿಯಲ್ಲಿ ಗಾಡಿ ಹೂತುಕೊಳ್ಳುತ್ತದೆ. ಕಾಫಿ ಕೊಯ್ಲಿನಲ್ಲಿ ಆಳೂ ಇಲ್ಲ, ಪಿಕಪ್ಪೂ ಇಲ್ಲ. ರೊಬಸ್ಟಾ ಕೊಯ್ಲು ಮುಗಿದ ಮೇಲೆ, ಮಾರ್ಚ್ ಏಪ್ರಿಲ್‌ನಲ್ಲಿ, ಜನರ ಕೈಯಲ್ಲಿ ಕಾಸೂ ಇರುತ್ತದೆ, ಹೋಂಸ್ಟೇಯವರು ಬೇಸಿಗೆ ರಜೆಗೆ ಕೋಣೆ ಸಜ್ಜು ಮಾಡುತ್ತಿರುತ್ತಾರೆ. ಹಳೆಯ ಮಂಚ, ಕನ್ನಡಿ ಮೇಜು, ಹಂಡೆಗೆ ಅವರಷ್ಟು ಬೆಲೆ ಕೊಡುವವರು ಬೇರೆ ಇಲ್ಲ. ಹಂಡೆಯನ್ನು ಪಾತ್ರೆ ಅಂಗಡಿಗೆ ಒಯ್ದರೆ ಸಿಗುವುದು ತೂಕದ ಬೆಲೆ ಮಾತ್ರ. ಮಸಿ, ಬೆಸುಗೆಯ ಸೀಸಕ್ಕೆ ಅದರಲ್ಲೂ ಕಡಿತ. ನೇತುಹಾಕುವ ಡಿಜಿಟಲ್ ತಕ್ಕಡಿಯಲ್ಲಿ ತಾಮ್ರ, ಹಿತ್ತಾಳೆಯನ್ನು ಬೇರೆಬೇರೆಯಾಗಿ ಮೊದಲೇ ತೂಗಿ ಬರೆದಿಡಿ. ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದರೆ ಮಸಿ ಹೋಗುತ್ತದೆ. ತಳದಲ್ಲಿ ತೂತಿದೆಯೇ ಎಂದು ನೀರು ತುಂಬಿ ಪರೀಕ್ಷಿಸಿ.

ಮರದ ಸಾಮಾನಿಗೆ ಇದರ ತದ್ವಿರುದ್ಧ: ಹೊಳಪು ಕೊಡಲು ಹೋಗಬೇಡಿ. ಹಳೆಯ ಅರಗಿನ ಪಾಲಿಷ್ ಮೇಲೆ ಹೊಸ ವಾರ್ನಿಷ್ ಬಳಿದರೆ, ಕಾಡುಮರಕ್ಕೆ ಬಣ್ಣ ಹಚ್ಚಿ ಬೀಟೆ ಅನ್ನುತ್ತಿದ್ದಾರೆ ಎಂದು ತಿಳಿದವರು ಅನುಮಾನಪಡುತ್ತಾರೆ. ಒಣ ಬಟ್ಟೆಯಲ್ಲಿ ಒರೆಸಿ, ಡ್ರಾಯರ್ ಅಂಚಿಗೆ ಮೇಣದಬತ್ತಿ ಉಜ್ಜಿದರೆ ಸಾಕು. ಗಿರಾಕಿ ನೋಡುವುದು ಮೇಜಿನ ಅಡಿಭಾಗ, ಡ್ರಾಯರ್‌ನ ಹಿಂಬದಿ. ಬಳಿಯದ ಮರ ಅಲ್ಲೇ ಕಾಣುವುದು. ಬೀಟೆಯಾದರೆ ನೇರಳೆ ಕಂದಿನ ನಡುವೆ ಕಪ್ಪು ಗೆರೆ, ಎತ್ತಿದರೆ ಭಾರ. ಸಣ್ಣ ತೂತುಗಳಿದ್ದರೆ ಕೆಳಗೆ ಕಪ್ಪು ಕಾಗದ ಹಾಸಿ ವಾರ ಬಿಟ್ಟು ನೋಡಿ. ಹಿಟ್ಟಿನಂಥ ಪುಡಿ ಹೊಸದಾಗಿ ಬಿದ್ದಿದ್ದರೆ ಹುಳ ಇನ್ನೂ ಜೀವಂತ. ತೂತಿಗೆ ಸಿರಿಂಜಿನಲ್ಲಿ ಮರದ ಹುಳದ ಔಷಧ ಬಿಟ್ಟು, ಗಿರಾಕಿಗೂ ಹೇಳಿ. ಮುಚ್ಚಿಟ್ಟರೆ ಆ ವಸ್ತು ವಾಪಸ್ಸು ಬರುತ್ತದೆ, ಜೊತೆಗೆ ಸುದ್ದಿಯೂ ಹಬ್ಬುತ್ತದೆ.

ಪಟ್ಟಿ ಮಾಡುವಾಗ ಉದ್ದ, ಅಗಲ, ಎತ್ತರ ಅಡಿ ಅಂಗುಲದಲ್ಲಿ ಹಾಕಿ, ಬೆಳಗಿನ ಬೆಳಕಿನಲ್ಲಿ ಮೂರು ಫೋಟೊ ತೆಗೆಯಿರಿ: ಮುಂಭಾಗ, ಕೆಳಭಾಗ, ಕೆಟ್ಟಿರುವ ಜಾಗ. ಅಳತೆ ಹಾಕದಿದ್ದರೆ ಅದನ್ನು ಕೇಳಲೆಂದೇ ದಿನವಿಡೀ ಫೋನು. ಕೆಲವು ಹಳೆಯ ಬೀರುಗಳನ್ನು ಕೋಣೆಯೊಳಗೇ ಜೋಡಿಸಿರುತ್ತಾರೆ, ಬಾಗಿಲಿನಲ್ಲಿ ಹೊರಡುವುದಿಲ್ಲ, ಬಾಗಿಲನ್ನೂ ಅಳೆಯಿರಿ. ಮೊದಲ ಸರದಿ ಮನೆಯವರದ್ದು, ಆದರೆ ತಾರೀಖು ನಿಗದಿ ಮಾಡಿ. "ಅದು ನನಗಿರಲಿ" ಎಂದವರು ಒಯ್ಯದೆ ಇದ್ದರೆ ಮಾರಾಟವೇ ನಿಲ್ಲುತ್ತದೆ. ತೂಕ್‌ಬೊಳ್‌ಚ (ತೂಗುದೀಪ), ಒಡಿಕತ್ತಿ (ಅಗಲ ಅಲಗಿನ ಬಾಗಿದ ಕತ್ತಿ), ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಸಣ್ಣ ಕತ್ತಿ) ಮಾರುವ ಪಟ್ಟಿಗೆ ಬರುವಂಥವೇ ಅಲ್ಲ, ಕುಟುಂಬದಲ್ಲೇ ಹಂಚಿಹೋಗಲಿ.

ಪೀಚೆಕತ್ತಿಯ ವಿಷಯದಲ್ಲಿ ಕಾನೂನೂ ಇದೆ. ಹಿಡಿಯಲ್ಲಿ ಆನೆದಂತವಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮಾರುವಂತಿಲ್ಲ. ಗೋಡೆಯ ಜಿಂಕೆ ಕೊಂಬು, ಕಾಟಿಯ (ಕಾಡುಕೋಣದ) ತಲೆಗೂ ಅದೇ. ಅಜ್ಜನ ಕಾಲದ್ದು ಎಂಬ ಮಾತು ನಡೆಯುವುದಿಲ್ಲ. ಲಾಟ್‌ನೊಳಗೆ ಸೇರಿಹೋಗುವ ಮೊದಲು ಇವನ್ನು ಇಳಿಸಿ ಬೇರೆ ಇಡಿ. ಜಮ್ಮಾ ಕೋವಿಗೆ, ಅಂದರೆ ಕೊಡಗಿನ ಜಮ್ಮಾ ಜಮೀನಿನ ಮನೆತನಗಳ ಬಂದೂಕಿಗೆ, ಲೈಸೆನ್ಸ್ ವಿನಾಯಿತಿ ಇದೆ ನಿಜ, ಆದರೆ ಅದು ಮಂಚ ಮಾರಿದ ಹಾಗೆ ಕೈಬದಲಾಯಿಸುವ ವಸ್ತುವಲ್ಲ. ದಾಖಲೆ ಹಿಡಿದು ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ. ಅಟ್ಟದ ಮೇಲಿನ ಬೀಟೆ, ತೇಗದ ಹಲಗೆ, ತೊಲೆಗಳನ್ನೂ ಪೀಠೋಪಕರಣದ ಜೊತೆ ತುಂಬಬೇಡಿ; ಅವು ನಾಟಾ (ಕೊಯ್ದ ಮರ), ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕು. ಬೀಟೆ ಮಂಚ ಮೈಸೂರಿಗೋ ಮಾಕುಟ್ಟ ದಾಟಿ ಕೇರಳಕ್ಕೋ ಹೋಗುವುದಾದರೆ ಹೊರಡುವ ಮೊದಲೇ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಫೋಟೊ, ಅಳತೆ, ಮಾರಿದವರ ಮತ್ತು ಕೊಂಡವರ ಸಹಿ ಇರುವ ಚೀಟಿ ಗಾಡಿಯಲ್ಲಿರಲಿ.

ಮುಂಗಡವಿಲ್ಲದೆ ಯಾವುದನ್ನೂ ತೆಗೆದಿರಿಸಬೇಡಿ. ಆನ್‌ಲೈನ್‌ನಲ್ಲಿ ಹಾಕಿದ ಕೂಡಲೇ ಬರುವ ಒಂದು ಕರೆಯ ಬಗ್ಗೆ ಎಚ್ಚರ: ತಾನು ಸೈನ್ಯದಲ್ಲಿದ್ದೇನೆ, ನೋಡಲು ಬರಲಾಗದು, ಹಣ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಅನ್ನುತ್ತಾನೆ. ಮನೆಗೊಬ್ಬ ಫೌಜಿ ಇರುವ ನಮ್ಮ ಜಿಲ್ಲೆಯಲ್ಲಿ ಈ ಮಾತನ್ನು ಬೇಗ ನಂಬುತ್ತಾರೆ. ಹಣ ಪಡೆಯಲು ಸ್ಕ್ಯಾನೂ ಬೇಡ, ಪಿನ್ನೂ ಬೇಡ.

ಮಂಚ ಬಿಚ್ಚುವಾಗ ಪ್ರತಿ ಸಂದಿಯ ಎರಡೂ ಬದಿಗೆ ಸೀಮೆಸುಣ್ಣದಲ್ಲಿ ಒಂದೇ ನಂಬರ್ ಬರೆಯಿರಿ. ಹಳೆಯ ಆಚಾರಿ ಕೆಲಸದಲ್ಲಿ ನಾಲ್ಕು ಕಾಲೂ ಒಂದೇ ಅಳತೆ ಇರುವುದಿಲ್ಲ, ಅದಲುಬದಲಾದರೆ ಕೂರುವುದಿಲ್ಲ. ಬೋಲ್ಟುಗಳನ್ನು ಚೀಲಕ್ಕೆ ಹಾಕಿ ತಲೆಹಲಗೆಗೇ ಕಟ್ಟಿ. ಫ್ರಿಜ್ ನಿಂತೇ ಹೋಗಬೇಕು. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಕೊಳವೆಗೆ ಹರಿಯುತ್ತದೆ, ಹಾಗೆ ಒಯ್ದಿದ್ದರೆ ಕೆಲವು ಗಂಟೆ ನಿಲ್ಲಿಸಿಯೇ ಸ್ವಿಚ್ ಹಾಕಬೇಕು. ಇನ್ವರ್ಟರ್ ಬ್ಯಾಟರಿಯನ್ನು ಗುಜರಿಗೆ ಹಾಕದೆ ಬ್ಯಾಟರಿ ಅಂಗಡಿಗೇ ಕೊಡಿ, ಸೀಸದ ತೂಕಕ್ಕೆ ಬೆಲೆ ಸಿಗುತ್ತದೆ. ಗ್ಯಾಸ್ ಸಿಲಿಂಡರ್ ಮಾರುವ ವಸ್ತುವಲ್ಲ. ಸಿಲಿಂಡರ್, ರೆಗ್ಯುಲೇಟರ್, ಸಂಪರ್ಕದ ವೋಚರ್ ಏಜೆನ್ಸಿಗೆ ಒಪ್ಪಿಸಿದರೆ ಠೇವಣಿ ವಾಪಸ್ಸು.

ದಪ್ಪ ಟಿವಿ, ಹತ್ತಿ ಹಾಸಿಗೆ, ಒರಳುಕಲ್ಲಿಗೆ ಗಿರಾಕಿ ಹುಡುಕುವುದು ವ್ಯರ್ಥ. ನೂಲ್‌ಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಮರದ ಒರಳು ಮಾತ್ರ ಹಾಗಲ್ಲ, ತೂತಿನ ಬಿಲ್ಲೆ ಸಮೇತ ಇದ್ದರೆ ಅಕ್ಕಪಕ್ಕದಲ್ಲೇ ಯಾರಾದರೂ ಕೇಳಿ ಒಯ್ಯುತ್ತಾರೆ.