ಲೇಬರ್ ಶೆಡ್‌ನಲ್ಲಿ ಫೋನ್ ಪಾಠ: ಹೊಸದಾಗಿ ಶುರು ಮಾಡುವವರಿಗೆ

ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಎರಡನ್ನೂ ಮನೆಯಲ್ಲೇ ಬಿಟ್ಟು ಹೋಗಿ. ಮೊದಲ ಭಾನುವಾರ ನಾನು ಎರಡನ್ನೂ ಹೊತ್ತುಕೊಂಡು ಹೋಗಿದ್ದೆ. ಶೆಡ್‌ನಲ್ಲಿ ಇದ್ದದ್ದು ಒಂದೇ ಪ್ಲಗ್ ಪಾಯಿಂಟ್, ಅದರಲ್ಲಿ ಆಗಲೇ ಆರು ಫೋನ್ ಜೋತಾಡುತ್ತಿದ್ದವು. ವಾರಕ್ಕೊಂದು ರಜೆ, ಊರಿಗೆ ಫೋನ್ ಮಾಡುವ ಹೊತ್ತು, ಅದನ್ನೆಲ್ಲ ಕಿತ್ತು ನಾನು ಪಾಠ ಮಾಡುತ್ತೇನೆ ಅಂದರೆ ಯಾರು ಕೂರುತ್ತಾರೆ?

ಬೆಂಗಳೂರಿನ ಕಟ್ಟಡ ಕೆಲಸದ ಶೆಡ್‌ಗಳಲ್ಲಿ ಬಿಹಾರ, ಒಡಿಶಾ, ಬಂಗಾಳ, ಅಸ್ಸಾಂ ಕಡೆಯವರು ಇರುತ್ತಾರೆ. ನಮ್ಮದೇ ರಾಯಚೂರು, ಯಾದಗಿರಿಯವರೂ ಇರುತ್ತಾರೆ. ಇವರಿಗೆ ನಾಲ್ಕು ಮಾತು ಕನ್ನಡ, ಜೊತೆಗೆ ಫೋನ್ ಬಳಕೆ ಕಲಿಸಬೇಕು ಅಂತ ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಯಾವ ಆ್ಯಪ್ ಹಾಕಿಸಲಿ? ಯಾವುದೂ ಬೇಡ. ಫೋನಿನಲ್ಲಿ ಜಾಗ ಇರುವುದಿಲ್ಲ, ಡೇಟಾ ಇರುವುದಿಲ್ಲ, ಇದ್ದರೂ ಅದು ಊರಿನ ಮಗುವಿನ ಮುಖ ನೋಡುವುದಕ್ಕೆ ಬೇಕು. ವಾಟ್ಸ್‌ಆ್ಯಪ್ ಆಗಲೇ ಇದೆ. ಅಲ್ಲಿಂದಲೇ ಶುರು ಮಾಡಿ.

ಅಕ್ಷರಕ್ಕಿಂತ ಮೊದಲು ದನಿ. ಹತ್ತು ಜನರ ಒಂದು ಗುಂಪು ಮಾಡಿ, ದಿನಕ್ಕೊಂದೇ ವಾಕ್ಯವನ್ನು ವಾಯ್ಸ್ ಮೆಸೇಜ್ ಮಾಡಿ ಕಳಿಸಿ. 'ನಾಳೆ ಕೆಲಸ ಇದೆಯಾ?', 'ಬಟವಾಡೆ ಯಾವತ್ತು?', 'ಇಲ್ಲಿ ನೋವಾಗ್ತಿದೆ'. ಅವರು ಅದನ್ನೇ ಹೇಳಿ ವಾಪಸ್ ಕಳಿಸಬೇಕು, ಅಷ್ಟೇ. ಯಾವ ವಾಕ್ಯ ಬೇಕು ಅಂತ ಅವರನ್ನೇ ಕೇಳಿ. ನಾನು ಮೊದಲು 'ನನ್ನ ಹೆಸರು, ನನ್ನ ಊರು' ಅಂತ ಶುರು ಮಾಡಿದ್ದೆ, ಒಬ್ಬರು ನಯವಾಗಿಯೇ ಹೇಳಿದರು, ಹೆಸರು ಇಲ್ಲಿ ಯಾರೂ ಕೇಳುವುದಿಲ್ಲ ಸಾರ್, ಕೂಲಿ ಕೊಡದೆ ಹಿಡಿದಿಟ್ಟರೆ ಏನು ಹೇಳಬೇಕು ಅದನ್ನು ಕಲಿಸಿ ಅಂತ. ಇನ್ನೊಂದು ಉಪಾಯ: ಅದೇ ಶೆಡ್‌ನ ರಾಯಚೂರಿನ ಅಕ್ಕಂದಿರ ಕೈಯಲ್ಲಿ ವಾಕ್ಯ ಹೇಳಿಸಿ ರೆಕಾರ್ಡ್ ಮಾಡಿ. 'ಎಷ್ಟಾತ್ರಿ?' ಅಂತಲೇ ಬರಲಿ ಬಿಡಿ. ಸೈಟ್‌ನಲ್ಲಿ ಕಿವಿಗೆ ಬೀಳುವುದು ಆ ಕನ್ನಡವೇ, ನನ್ನ ಪುಸ್ತಕದ ಕನ್ನಡ ಅಲ್ಲ.

ಓದುವುದಕ್ಕೆ ಬೋರ್ಡ್‌ಗಳೇ ಪಠ್ಯ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಂಡ ಒಂದು ಬೋರ್ಡಿನ ಫೋಟೋ ತೆಗೆದು ಗುಂಪಿಗೆ ಹಾಕಲು ಹೇಳಿ. ಟ್ರಾನ್ಸ್‌ಫಾರ್ಮರ್ ಮೇಲಿನ 'ಅಪಾಯ', ಬಸ್ಸಿನ 'ಮೆಜೆಸ್ಟಿಕ್', ಔಷಧಿ ಅಂಗಡಿ. ಬೋರ್ಡಿನ ಅರ್ಥ ಅವರ ಭಾಷೆಯಲ್ಲಿ ತೋರಿಸಲು ನಿಮ್ಮ ಫೋನಿನ ಗೂಗಲ್ ಟ್ರಾನ್ಸ್‌ಲೇಟ್ ಸಾಕು, ಅದಕ್ಕೆ 2020ರಲ್ಲಿ ಒಡಿಯಾ, 2022ರಲ್ಲಿ ಅಸ್ಸಾಮಿ, ಭೋಜ್‌ಪುರಿ, ಮೈಥಿಲಿ ಸೇರಿವೆ. ಆದರೆ ಎಲ್ಲ ಭಾಷೆಗೂ ಮಾತು ಕೇಳಿಸಿಕೊಳ್ಳುವ ಸೌಲಭ್ಯ ಒಂದೇ ಸಮ ಇಲ್ಲ, ಹಾಗಾಗಿ ನೀವೇ ಮೊದಲು ಪರೀಕ್ಷೆ ಮಾಡಿ ನೋಡಿ. ಅದು ತಪ್ಪು ಹೇಳುತ್ತದೆ ಅನ್ನುವುದನ್ನೂ ತೋರಿಸಿಬಿಡಿ. ಒಂದು ವಾಕ್ಯವನ್ನು ಅವರ ಭಾಷೆಯಿಂದ ಕನ್ನಡಕ್ಕೆ, ಮತ್ತೆ ಕನ್ನಡದಿಂದ ಅವರ ಭಾಷೆಗೆ ತಿರುಗಿಸಿ ನೋಡಿದರೆ ಸಾಕು, ನಗು ಬರುತ್ತದೆ. ಫೋನ್ ಹೇಳಿದ್ದೆಲ್ಲ ನಿಜ ಅಲ್ಲ ಅನ್ನುವ ಪಾಠ ಇಲ್ಲೇ, ತಮಾಷೆಯಲ್ಲೇ ಶುರುವಾಗಲಿ.

ಈ ಪಾಠ ಇವರಿಗೆ ಯಾಕೆ ಅಷ್ಟು ಮುಖ್ಯ ಅಂದರೆ, ಸುಳ್ಳು ಸುದ್ದಿಯ ಪೆಟ್ಟು ಪರಊರಿನವರ ಮೇಲೇ ಬೀಳುತ್ತದೆ. 2012ರ ಆಗಸ್ಟ್ ನೆನಪಿದೆಯಾ? ಬೆಂಗಳೂರಿನಲ್ಲಿ ಈಶಾನ್ಯದವರ ಮೇಲೆ ದಾಳಿ ಆಗುತ್ತದೆ ಅಂತ ಎಸ್‌ಎಂಎಸ್ ಹರಿದಾಡಿ, ಕೆಲವೇ ದಿನಗಳಲ್ಲಿ ಸಾವಿರಾರು ಜನ ರೈಲ್ವೆ ಸ್ಟೇಷನ್ನಿಗೆ ಓಡಿದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಬ್ಬರು ದಿನಕ್ಕೆ ಐದಕ್ಕಿಂತ ಜಾಸ್ತಿ ಎಸ್‌ಎಂಎಸ್ ಕಳಿಸದ ಹಾಗೆ ಕೇಂದ್ರ ಸರ್ಕಾರ ಕಡಿವಾಣ ಹಾಕಿತು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಓಡಾಡುತ್ತಿದ್ದ ಒಂದು ವಿಡಿಯೋ ಇತ್ತು: ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಬೈಕಿನವರು ಎತ್ತಿಕೊಂಡು ಹೋಗುವುದು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಜಾಹೀರಾತು. ಕೊನೆಯಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಬೋರ್ಡ್ ತೋರಿಸುತ್ತಾರೆ. ಆ ಕೊನೆಯನ್ನೇ ಯಾರೋ ಕತ್ತರಿಸಿದ್ದರು.

ಇದನ್ನು ಬಾಯಲ್ಲಿ ಹೇಳಿದರೆ 'ಹೌದಾ' ಅಂದು ಮರೆಯುತ್ತಾರೆ. ಹಾಗಾಗಿ ನಾನು ಮಾಡಿಸುವ ಒಂದು ಆಟ ಇದೆ, ಇಡೀ ಪಾಠದಲ್ಲಿ ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿಸಿ. ಇಬ್ಬರನ್ನು ನಿಲ್ಲಿಸಿ. ಒಬ್ಬ ಇನ್ನೊಬ್ಬನ ಬೆನ್ನಿನ ಸಿಮೆಂಟ್ ಧೂಳನ್ನು ಜೋರಾಗಿ ಕೊಡವಬೇಕು, ಆಮೇಲೆ ಇಬ್ಬರೂ ನಗಬೇಕು. ಮೂರನೆಯವನು ಅದನ್ನು ಫೋನಿನಲ್ಲಿ ಹಿಡಿಯಬೇಕು. ಈಗ ಎಡಿಟ್ ಒತ್ತಿ, ನಗುವ ಭಾಗ ಕತ್ತರಿಸಿ, ಕೈ ಎತ್ತಿ ಬೀಸುವ ಎರಡು ಸೆಕೆಂಡ್ ಮಾತ್ರ ಉಳಿಸಿ. ಕೆಳಗೆ 'ಮೇಸ್ತ್ರಿ ಲೇಬರ್‌ಗೆ ಹೊಡೆದ' ಅಂತ ಹಾಕಿ ಪಕ್ಕದ ಕೋಣೆಯವರಿಗೆ ತೋರಿಸಿ, ಕಳಿಸಬೇಡಿ, ಸುಮ್ನೆ ತೋರಿಸಿ. ಅವರು ಸಿಟ್ಟಾಗುತ್ತಾರೆ. ಆಗ ಪೂರ್ತಿ ವಿಡಿಯೋ ಹಾಕಿ. ಆಟ ಮುಗಿದ ಮೇಲೆ ಕತ್ತರಿಸಿದ ತುಂಡನ್ನು ಎಲ್ಲರ ಎದುರೇ ಅಳಿಸಿ, ಇಲ್ಲದಿದ್ದರೆ ಮುಂದಿನ ವಾರ ನಿಜವಾದ ಮೇಸ್ತ್ರಿಯೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾನೆ!

ಆಮೇಲೆ ಬಾಣದ ಗುರುತು ಹೇಳಿಕೊಡಿ. ವಾಟ್ಸ್‌ಆ್ಯಪ್ ಮೆಸೇಜ್ ಮೇಲೆ ಒಂದು ಬಾಣ ಇದ್ದರೆ ಅದು ಕಳಿಸಿದವರ ಸ್ವಂತ ಮಾತಲ್ಲ. ಎರಡು ಬಾಣ ಇದ್ದರೆ ಕೈಯಿಂದ ಕೈಗೆ ಕನಿಷ್ಠ ಐದು ಸಲ ದಾಟಿ ಬಂದಿದೆ ಅಂತ. ಓದಲು ಬಾರದವರೂ ಬಾಣ ಗುರುತಿಸುತ್ತಾರೆ, ಅದಕ್ಕೇ ಇದು ನನಗೆ ಇಷ್ಟ. ಎರಡು ಬಾಣ ಕಂಡರೆ ಗುಂಪಿನಲ್ಲಿ ಕೇಳಬೇಕು ಅನ್ನುವುದು ನಮ್ಮ ನಿಯಮ. ಒಮ್ಮೆ ನಾನೇ ಯಾವುದೋ ಮನೆಮದ್ದಿನ ಮೆಸೇಜ್ ಹಾಕಿಬಿಟ್ಟಿದ್ದೆ, ಎರಡೇ ನಿಮಿಷದಲ್ಲಿ ಒಬ್ಬಳು ತಂಗಿ ಎರಡು ಬಾಣದ ಸ್ಕ್ರೀನ್‌ಶಾಟ್ ತೆಗೆದು ಹಾಕಿದಳು. ಮಾತೇ ಇಲ್ಲ, ಬರೀ ಸ್ಕ್ರೀನ್‌ಶಾಟ್.

ದುಡ್ಡಿನ ಪಾಠವನ್ನು ಬಟವಾಡೆಯ ಹಿಂದಿನ ದಿನ ಮಾಡಿ, ಆಗ ಕಿವಿ ತೆರೆದಿರುತ್ತದೆ. ಫೋನಿನಿಂದಲೇ ಯುಪಿಐನಲ್ಲಿ ಒಂದು ರೂಪಾಯಿ ಕಳಿಸಿ, ಒಂದು ರೂಪಾಯಿ ವಾಪಸ್ ತರಿಸಿ. ಕಳಿಸುವಾಗ ಪಿನ್ ಕೇಳಿತು, ಬರುವಾಗ ಕೇಳಲಿಲ್ಲ. ಹಾಗಾದರೆ 'ದುಡ್ಡು ಬರುತ್ತೆ, ಪಿನ್ ಹಾಕಿ' ಅನ್ನುವವನು ಯಾರು? ಉತ್ತರ ಅವರೇ ಹೇಳುತ್ತಾರೆ. ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಬಟ್ಟೆ ಹಾಕಿಕೊಂಡು 'ಡಿಜಿಟಲ್ ಅರೆಸ್ಟ್' ಅನ್ನುವವರ ಬಗ್ಗೆಯೂ ಹೇಳಿ. ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಆ ನಂಬರನ್ನು ಅವರ ಕೈಯಲ್ಲೇ ಸೇವ್ ಮಾಡಿಸಿ.

ಅವರ ಕೈಯಲ್ಲೇ ಅಂತ ಯಾಕೆ ಒತ್ತಿ ಹೇಳಿದೆ ಅಂದರೆ, ನಾವೆಲ್ಲ ಮಾಡುವ ದೊಡ್ಡ ತಪ್ಪು ಇದೇ: 'ಕೊಡಿ ಇಲ್ಲಿ' ಅಂತ ಫೋನ್ ಕಿತ್ತುಕೊಂಡು ಟಕಟಕ ಒತ್ತಿ ವಾಪಸ್ ಕೊಡುವುದು. ಕೆಲಸ ಬೇಗ ಆಗುತ್ತದೆ, ಅವರಿಗೆ ಏನೂ ಬರುವುದಿಲ್ಲ. ಜೊತೆಗೆ, ಯಾರೋ ಓದಿದವರು ಬಂದು ಫೋನ್ ಕೇಳಿದರೆ ಕೊಡಬೇಕು ಅನ್ನುವ ಅಭ್ಯಾಸ ಬೇರೆ ನಾವೇ ಮಾಡಿಸಿದ ಹಾಗಾಗುತ್ತದೆ. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತೇನೆ. ಆಧಾರ್, ಒಟಿಪಿ ಯಾವುದನ್ನೂ ನೋಡಬೇಡಿ. ಕ್ಲಾಸಿನ ಫೋಟೋ ನಿಮ್ಮ ಸ್ಟೇಟಸ್‌ಗೆ ಹಾಕಬೇಡಿ.

ಇ-ಶ್ರಮ್ ನೋಂದಣಿಯನ್ನೂ ಹೀಗೇ ಮಾಡಿಸಬಹುದು. ಅದು ಕೇಂದ್ರ ಸರ್ಕಾರದ ಪೋರ್ಟಲ್, 2021ರ ಆಗಸ್ಟ್‌ನಲ್ಲಿ ಶುರುವಾದದ್ದು, ಅಸಂಘಟಿತ ಕೆಲಸದವರಿಗೆ, ವಯಸ್ಸು 16ರಿಂದ 59. ಸ್ವಂತವಾಗಿ ಮಾಡಿಕೊಂಡರೆ ಒಂದು ಪೈಸೆ ಖರ್ಚಿಲ್ಲ, 12 ಅಂಕಿಯ ನಂಬರ್ ಸಿಗುತ್ತದೆ. ವೆಬ್ ವಿಳಾಸ ಕೊನೆಯಲ್ಲಿ ಜಿಒವಿ ಡಾಟ್ ಐಎನ್ ಅಂತ ಇದೆಯಾ ನೋಡುವುದನ್ನು ಇಲ್ಲೇ ಕಲಿಸಿ. ಇಂಗ್ಲಿಷ್ ಬಾರದಿದ್ದರೂ ಪರವಾಗಿಲ್ಲ, ಆ ಐದು ಅಕ್ಷರಗಳನ್ನು ಚಿತ್ರದ ಹಾಗೆ ಗುರುತು ಹಿಡಿಯುತ್ತಾರೆ.

ಹೆಂಗಸರು ಬರುವುದಿಲ್ಲ ಅಂತ ದೂರಬೇಡಿ. ಭಾನುವಾರ ಸಂಜೆ ಅವರಿಗೆ ಬಟ್ಟೆ, ಅಡುಗೆ, ಮಗು. ಫೋನ್ ಗಂಡನ ಹತ್ತಿರ. ನೀರಿನ ಟ್ಯಾಂಕ್ ಹತ್ತಿರ ಬಟ್ಟೆ ಒಗೆಯುವಾಗ ಹೋಗಿ ಕೂತರೆ ಇಪ್ಪತ್ತು ನಿಮಿಷ ಸಿಗುತ್ತದೆ. ನೀವು ಗಂಡಸಾದರೆ ಒಬ್ಬ ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೋಗಿ.

ಮೂರು ತಿಂಗಳ ಸಿಲಬಸ್ ಅಂತೆಲ್ಲ ಹಾಕಿಕೊಳ್ಳಬೇಡಿ. ಸ್ಲ್ಯಾಬ್ ಮುಗಿದರೆ ಅರ್ಧ ಜನ ಬೇರೆ ಸೈಟಿಗೆ, ಹಬ್ಬ ಬಂದರೆ ಇನ್ನರ್ಧ ಊರಿಗೆ. ಪ್ರತಿ ಭಾನುವಾರದ ಪಾಠ ಅವತ್ತೇ ಮುಗಿಯಬೇಕು. ಗುಂಪನ್ನು ಮಾತ್ರ ಮುಚ್ಚಬೇಡಿ. ನಮ್ಮ ಹಳೇ ಶೆಡ್ ಕಿತ್ತುಹಾಕಿ ಈಗ ಅಲ್ಲಿ ಕಾರ್ ಪಾರ್ಕಿಂಗ್ ಆಗಿದೆ. ಗುಂಪಿನಲ್ಲಿ ಇವತ್ತು ಬೆಳಿಗ್ಗೆಯೂ ಯಾರೋ ಚೆನ್ನೈನಿಂದ ಒಂದು ಬೋರ್ಡಿನ ಫೋಟೋ ಹಾಕಿದ್ದಾರೆ, ತಮಿಳಿನಲ್ಲಿದೆ, ನನಗೆ ಓದಲು ಬರುವುದಿಲ್ಲ.