ಹೆಲ್ಮೆಟ್ ಇದ್ದರೂ ಕಿವಿಗೆ ಬೇರೆ ಕಾವಲು ಬೇಕು

ಪಂಪ್‌ಸೆಟ್ ಸಾಮಾನು ತರಲು ವಾರಕ್ಕೆ ಎರಡು ಸಲ ವಿಜಯಪುರದಿಂದ ಸೊಲ್ಲಾಪುರಕ್ಕೆ ಬೈಕ್ ಮೇಲೆ ಹೋಗುತ್ತೇನೆ. ಹೋಗಲು ನೂರು ಕಿಲೋಮೀಟರ್, ಬರಲು ನೂರು. ಹೋದ ವರ್ಷ ಒಂದು ರಾತ್ರಿ ಬಂದು ಮಲಗಿದರೆ ಕಿವಿಯಲ್ಲಿ ಒಂದೇ ಸಮನೆ ಗುಂಯ್. ಫ್ಯಾನ್ ಇರಬೇಕು ಅಂತ ಎದ್ದು ಆಫ್ ಮಾಡಿದೆ. ಗುಂಯ್ ನಿಲ್ಲಲಿಲ್ಲ. ಬೆಳಿಗ್ಗೆ ಮನೆಯವಳು, "ಕುಕ್ಕರ್ ಮೂರು ಸಲ ಸೀಟಿ ಹೊಡದೈತಿ, ಕೇಳ್ಲಿಲ್ಲೇನ್ರೀ?" ಅಂದಾಗ ಹೆದರಿಕೆಯಾಯಿತು.

ಕಿವಿ ಡಾಕ್ಟರು ಪರೀಕ್ಷೆ ಮಾಡಿ ಗ್ರಾಫ್ ತೋರಿಸಿದರು. 4000 ಹರ್ಟ್ಸ್ ಹತ್ತಿರ, ಅಂದರೆ ಕೀರಲು ಸದ್ದು ಕೇಳುವ ಕಡೆ, ಗೆರೆ ಕುಸಿದಿತ್ತು. ಜೋರು ಸದ್ದಿನಿಂದ ಕೆಟ್ಟ ಕಿವಿಯ ಗುರುತು ಅದು. ನನಗೆ ಎಂಜಿನ್ ಮೇಲೆ ಅನುಮಾನ. ಆದರೆ ಕಾರಣ ಗಾಳಿ. 80ರ ವೇಗದಲ್ಲೇ ಹೆಲ್ಮೆಟ್ ಒಳಗಿನ ಸದ್ದು 90 ಡೆಸಿಬೆಲ್ ದಾಟುತ್ತದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧವಾಗುತ್ತದೆ. 94ಕ್ಕೆ ಬರೀ ಒಂದು ಗಂಟೆ. ನನ್ನ ದಾರಿ ಒಂದು ಕಡೆಗೇ ಎರಡು ಗಂಟೆಯದು.

ಮೊದಲು ಹೆಲ್ಮೆಟ್ ಬದಲಿಸಿದೆ. ಹಳೆಯದು ಸಡಿಲ, ಬಿದ್ದರೆ ತಲೆಯನ್ನೂ ಕಾಯುವಂಥದ್ದಲ್ಲ. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಬಿಟ್ಟು ಟೇಪ್ ಸುತ್ತಿದೆ, 57 ಸೆಂಟಿಮೀಟರ್ ಬಂತು. ಆದರೂ ಅಳತೆಯನ್ನಷ್ಟೇ ನಂಬಬೇಡಿ. ಒಂದೇ ಅಳತೆಯ ಮೂರು ಹೆಲ್ಮೆಟ್ ಹಾಕಿ ನೋಡಿದೆ, ಒಂದು ಹಣೆ ಒತ್ತಿತು, ಒಂದು ಅಲುಗಾಡಿತು. ಮೂರನೆಯದನ್ನು ಅಂಗಡಿಯಲ್ಲೇ ಹದಿನೈದು ನಿಮಿಷ ಹಾಕಿಕೊಂಡು ಕೂತೆ. ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೇ ಎಳೆದುಕೊಂಡು ಬರಬೇಕು. ಪಟ್ಟಿ ಬಿಗಿದು, ಹಿಂದಿನ ಅಂಚು ಹಿಡಿದು ಮುಂದಕ್ಕೆ ನೂಕಿದರೆ ಕಳಚಿ ಬರಬಾರದು. ಐಎಸ್‌ಐ ಗುರುತು ಇದ್ದರೆ ಸಾಲದು, ಜೊತೆಗಿರುವ ಲೈಸೆನ್ಸ್ ನಂಬರನ್ನು ಸರ್ಕಾರದ ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿ ನೋಡಿ. ಐಎಸ್‌ಐ ಇಲ್ಲದ ಹೆಲ್ಮೆಟ್ ಮಾರುವಂತಿಲ್ಲ ಅಂತ 2021ರ ಜೂನ್‌ನಿಂದಲೇ ನಿಯಮ ಇದೆ.

ತಲೆಗೆ ಸರಿಹೋಯಿತು. ಸದ್ದು ಮಾತ್ರ ಸ್ವಲ್ಪವೇ ತಗ್ಗಿತು. ಗಾಳಿ ನುಗ್ಗುವುದು ಗದ್ದದ ಕೆಳಗಿನಿಂದ. ಅಲ್ಲಿ ಟವೆಲ್ ಸುತ್ತಿ ನೋಡಿದೆ, ಕಡಿಮೆಯಾಯಿತು. ಆದರೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ದಾರಿಯಲ್ಲಿನ ಝಳಕಿ ಮುಟ್ಟುವಷ್ಟರಲ್ಲಿ ಉಸಿರು ಕಟ್ಟಿತು.

ಕೊನೆಗೆ ಕೈಹಿಡಿದದ್ದು ಫೋಮ್ ಇಯರ್‌ಪ್ಲಗ್, ಕಿವಿಯೊಳಗೆ ಇಡುವ ಮೆತ್ತನೆಯ ಬಿರಡೆ. ಮೊದಲ ದಿನ ಸುಮ್ನೆ ಕಿವಿಗೆ ತುರುಕಿದೆ, ಅರ್ಧ ದಾರಿಗೇ ಹೊರಗೆ ಬಂತು. ಹಾಕುವ ರೀತಿಯೇ ಬೇರೆ. ಕೈ ತೊಳೆದು, ಪ್ಲಗ್ಗನ್ನು ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು. ಒಳಗೆ ಸೇರಿಸಿ ಮೂವತ್ತು ಎಣಿಸುವವರೆಗೆ ಬೆರಳು ಇಟ್ಟಿರಬೇಕು. ಅದು ನಿಧಾನವಾಗಿ ಉಬ್ಬಿ ಕಿವಿ ತುಂಬುತ್ತದೆ. ಮಾತಾಡಿದರೆ ನಮ್ಮದೇ ದನಿ ದಪ್ಪಗೆ ಕೇಳಿಸಿತು ಅಂದರೆ ಸರಿಯಾಗಿ ಕೂತಿದೆ. ಹೆಲ್ಮೆಟ್ ಹಾಕುವಾಗ ಪಟ್ಟಿಗಳನ್ನು ಎರಡೂ ಕಡೆ ಅಗಲಿಸಿ ಹಾಕಿ, ಇಲ್ಲದಿದ್ದರೆ ಪ್ಲಗ್ ಎಳೆದುಹೋಗುತ್ತದೆ.

ಹಾರ್ನ್ ಕೇಳಿಸುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಧೂಳಖೇಡದ ಭೀಮಾ ಸೇತುವೆ ಮೇಲೆ ಹಿಂದಿನಿಂದ ಲಾರಿ ಹಾರ್ನ್ ಹೊಡೆದಾಗ ನನಗೆ ಮೊದಲಿಗಿಂತ ಬಿಡಿಸಿ ಕೇಳಿಸಿತು. ಭೋರ್ ಅನ್ನುವ ಗಾಳಿ ತಗ್ಗಿರುತ್ತದೆ, ಅಲ್ವಾ? ಹಾಡು ಕೇಳುವ ಇಯರ್‌ಫೋನ್ ಮಾತ್ರ ಬೇಡ, ಅದು ಸದ್ದಿನ ಮೇಲೆ ಸದ್ದು. ಊರೊಳಗೆ ಬಂದರೆ ನಾನು ಪ್ಲಗ್ ತೆಗೆದುಬಿಡುತ್ತೇನೆ.

ಗುಂಯ್ ಈಗ ಕಡಿಮೆ. ಹೋದ ಕಿವಿ ವಾಪಸ್ ಬರಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಮೊನ್ನೆ ತಮ್ಮ ಹೊಸ ಬೈಕ್ ತಂದ. ಅವನಿಗೆ ಹೆಲ್ಮೆಟ್ ಜೊತೆ ಒಂದು ಡಬ್ಬಿ ಪ್ಲಗ್ ಕೊಟ್ಟು, ಹೊಸೆಯುವುದನ್ನು ಅಂಗಳದಲ್ಲೇ ಕೂರಿಸಿ ಕಲಿಸಿದೆ.